ಮೀನು ಒಂದು ವಿಭಾಗಕ್ಕೆ, ಸಮುದ್ರದ ಕಾನೂನು ಇನ್ನೊಂದಕ್ಕೆ: ಈ ವಿಂಗಡಣೆ ಸಾಕು

ಮಾನ್ಯ ಸಂಪಾದಕರೇ,

ಉನ್ನತ ಶಿಕ್ಷಣದ ಆಯ್ಕೆಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುತ್ತಿರುವ ಲೇಖನಗಳನ್ನು ನಾನು ಆಸಕ್ತಿಯಿಂದ ಓದುತ್ತಿದ್ದೇನೆ. ಅವುಗಳಲ್ಲಿ ಸಮುದ್ರಕ್ಕೆ ಸಂಬಂಧಿಸಿದ ಓದಿನ ಮಾತು ಬಂದಾಗಲೆಲ್ಲ ಅದು ಕಡಲ ಜೀವಶಾಸ್ತ್ರಕ್ಕೋ ಹಡಗು ನಡೆಸುವ ತರಬೇತಿಗೋ ಸೀಮಿತವಾಗಿರುವುದನ್ನು ಗಮನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸಾಗರ ನೀತಿಯನ್ನೂ ಮೀನುಗಾರಿಕೆ ಉದ್ಯಮವನ್ನೂ ಒಟ್ಟಿಗೆ ಅಭ್ಯಾಸ ಮಾಡುವ ಶಿಸ್ತೊಂದು ಇದೆ. ನಾನು ಅದನ್ನು ಕಲಿತವನು, ಈಗ ಕಲಿಸುತ್ತಿರುವವನು. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಮೀನು ವಿಜ್ಞಾನ ವಿಭಾಗದ ಪಾಲಾಗಿದೆ, ಸಮುದ್ರದ ಗಡಿಗಳು ಕಾನೂನು ವಿಭಾಗದ ಪಾಲಾಗಿವೆ, ಮಾರುಕಟ್ಟೆ ಅರ್ಥಶಾಸ್ತ್ರಕ್ಕೆ ಸೇರಿದೆ, ಮೀನುಗಾರರ ಬದುಕು ಸಮಾಜಶಾಸ್ತ್ರದ ಯಾವುದೋ ಐಚ್ಛಿಕ ಪತ್ರಿಕೆಯಲ್ಲಿ ಉಳಿದುಕೊಂಡಿದೆ. ಆದರೆ ಒಂದು ಋತುವಿನಲ್ಲಿ ಎಷ್ಟು ಮೀನು ಹಿಡಿಯಬಹುದು, ಯಾರು ಹಿಡಿಯಬಹುದು, ಯಾವ ಬಲೆಯಿಂದ ಹಿಡಿಯಬಹುದು ಎಂದು ತೀರ್ಮಾನಿಸುವ ಅಧಿಕಾರಿಯ ಮೇಜಿನ ಮೇಲೆ ಈ ನಾಲ್ಕೂ ಒಂದೇ ಕಡತದಲ್ಲಿ ಬಂದು ಕೂರುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ಓದಿ ಬಂದವರು ಆ ಕಡತದ ಮುಂದೆ ಕೂತಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ನೋವಿನ ಉದಾಹರಣೆಗಳಿವೆ.

ವಿಷಯದ ಗಾತ್ರವನ್ನು ಮೊದಲು ಹೇಳಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಮೀನುಗಾರಿಕೆ ಮತ್ತು ಜಲಕೃಷಿಯ ಒಟ್ಟು ಉತ್ಪಾದನೆ, ಕಡಲ ಪಾಚಿಯನ್ನೂ ಸೇರಿಸಿಕೊಂಡು, ಸುಮಾರು 22.3 ಕೋಟಿ ಟನ್. ಹಿಡಿದು ತಂದ ಜಲಚರಗಳಿಗಿಂತ ಸಾಕಿ ಬೆಳೆಸಿದ ಜಲಚರಗಳ ತೂಕ ಹೆಚ್ಚಾದದ್ದು ಆ ವರ್ಷವೇ ಮೊದಲು. ಅದೇ ಸಂಸ್ಥೆಯ ಮೌಲ್ಯಮಾಪನದ ಪ್ರಕಾರ 2021ರಲ್ಲಿ ಸಮುದ್ರದ ಮೀನು ಸಂತತಿಗಳ (ಅಂದರೆ ಒಂದು ಪ್ರದೇಶದಲ್ಲಿ ಒಟ್ಟಾಗಿ ಲೆಕ್ಕ ಹಾಕುವ ಒಂದು ಜಾತಿಯ ಮೀನಿನ ಸಮೂಹಗಳ) ಪೈಕಿ ಶೇ 37.7ರಷ್ಟು ತಾಳಿಕೆಯ ಮಿತಿಯನ್ನು ಮೀರಿ ಹಿಡಿಯಲ್ಪಡುತ್ತಿದ್ದವು. 1974ರಲ್ಲಿ ಈ ಪ್ರಮಾಣ ಶೇ 10ರ ಆಸುಪಾಸಿನಲ್ಲಿತ್ತು. ಪತ್ರಿಕೆಗಳಲ್ಲಿ ಈ ಅಂಕಿಯಷ್ಟೇ ಬರುತ್ತದೆ. ಅದರ ಪಕ್ಕದಲ್ಲಿರುವ ಇನ್ನೊಂದು ಅಂಕಿ, ಅಂದರೆ ಶೇ 50ರಷ್ಟು ಸಂತತಿಗಳನ್ನು ಈಗಾಗಲೇ ಗರಿಷ್ಠ ಮಟ್ಟದಲ್ಲೇ ಹಿಡಿಯಲಾಗುತ್ತಿದೆ ಎಂಬುದು, ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು. ಅಲ್ಲಿ ತಪ್ಪಿಗೆ ಅವಕಾಶವೇ ಇಲ್ಲ. ಅಂದಾಜು ಸ್ವಲ್ಪ ಹೆಚ್ಚಾದರೆ, ನೀರಿನ ಉಷ್ಣಾಂಶ ಸ್ವಲ್ಪ ಏರಿದರೆ, ನಿಗಾ ಸ್ವಲ್ಪ ಸಡಿಲವಾದರೆ ಆ ಸಂತತಿ ಮಿತಿ ಮೀರಿದವುಗಳ ಪಟ್ಟಿಗೆ ಸೇರಿಬಿಡುತ್ತದೆ.

ಈ ಓದಿನ ಅಗತ್ಯವನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನಿನ ಪ್ರಕರಣದಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಪ್ರಕರಣವನ್ನು ನಾನು ಕಂಡಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಶತಮಾನಗಳ ಕಾಲ ಯುರೋಪಿಗೂ ಅಮೆರಿಕ ಖಂಡಕ್ಕೂ ಒಣಮೀನು ಒದಗಿಸಿದ ಆ ಕಡಲಿಗೆ 1950ರ ದಶಕದಿಂದ ದೂರದ ದೇಶಗಳ ಭಾರೀ ಟ್ರಾಲ್ ಹಡಗುಗಳು (ಚೀಲದಂಥ ದೊಡ್ಡ ಬಲೆಯನ್ನು ಹಿಂದೆ ಎಳೆಯುತ್ತ ಮೀನು ಹಿಡಿಯುವ ಹಡಗುಗಳು) ಬಂದವು; ಹಿಡಿದ ಮೀನನ್ನು ಹಡಗಿನಲ್ಲೇ ಹೆಪ್ಪುಗಟ್ಟಿಸುವ ವ್ಯವಸ್ಥೆ ಅವುಗಳಲ್ಲಿತ್ತು. 1968ರಲ್ಲಿ ಉತ್ತರದ ಕಾಡ್ ಸಂತತಿಯೊಂದರಿಂದಲೇ 8 ಲಕ್ಷ ಟನ್ನಿಗೂ ಹೆಚ್ಚು ಮೀನು ಎತ್ತಲಾಯಿತು. 1977ರಲ್ಲಿ ಕೆನಡಾ ತನ್ನ ಅಧಿಕಾರವನ್ನು 200 ನಾಟಿಕಲ್ ಮೈಲಿಗಳವರೆಗೆ ವಿಸ್ತರಿಸಿ ವಿದೇಶಿ ಹಡಗುಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಕಾನೂನಿನ ಕಣ್ಣಿನಲ್ಲಿ ಅದು ದೊಡ್ಡ ಗೆಲುವು. ಆ ಗೆಲುವಿನ ಬೆನ್ನಿಗೇ ದೇಶದ ಸ್ವಂತ ಟ್ರಾಲ್ ಹಡಗುಗಳಿಗೂ ಸಂಸ್ಕರಣಾ ಘಟಕಗಳಿಗೂ ಬಂಡವಾಳ ಹರಿದುಬಂತು. ಹೊರಗಿನವರು ಬಿಟ್ಟುಹೋದ ಜಾಗವನ್ನು ಒಳಗಿನವರು ತುಂಬಿದರು.

ಅಲ್ಲಿನ ವಿಜ್ಞಾನಿಗಳು ಸಂತತಿಯನ್ನು ಅಂದಾಜು ಮಾಡಲು ಸಂಶೋಧನಾ ಹಡಗಿನ ಸಮೀಕ್ಷೆಯ ಜೊತೆಗೆ ಟ್ರಾಲ್ ಹಡಗುಗಳ ದಾಖಲೆಯನ್ನೂ ಬಳಸುತ್ತಿದ್ದರು. ಒಂದು ಗಂಟೆ ಬಲೆ ಎಳೆದರೆ ಎಷ್ಟು ಮೀನು ಸಿಗುತ್ತದೆ ಎಂಬ ಪ್ರಮಾಣ ಇಳಿಯದೆ ಇದ್ದರೆ ಸಮುದ್ರದಲ್ಲಿ ಮೀನೂ ಇಳಿದಿಲ್ಲ ಎಂಬುದು ಆ ಲೆಕ್ಕದ ಹಿಂದಿದ್ದ ತರ್ಕ. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಕಾಡ್ ಗುಂಪುಗಟ್ಟುವ ಮೀನು. ಸಂಖ್ಯೆ ಕುಸಿದಾಗ ಉಳಿದವು ಕಡಲೆಲ್ಲ ತೆಳುವಾಗಿ ಹರಡಿಕೊಳ್ಳುವ ಬದಲು ಕೆಲವೇ ತಾಣಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಧ್ವನಿತರಂಗದ ಉಪಕರಣವಿದ್ದ ಹಡಗು ನೇರವಾಗಿ ಆ ತಾಣಕ್ಕೇ ಹೋಗಿ ಬಲೆ ಇಳಿಸುತ್ತದೆ. ಹೀಗಾಗಿ ಮೀನು ಮುಗಿಯುತ್ತ ಬಂದಾಗಲೂ ಬಲೆ ತುಂಬಿಯೇ ಮೇಲೆ ಬರುತ್ತಿತ್ತು, ದಾಖಲೆಯಲ್ಲಿನ ಅಂಕಿ ಚೆನ್ನಾಗಿಯೇ ಇರುತ್ತಿತ್ತು. ಅದೇ ಸಮಯದಲ್ಲಿ ದಡದ ಬಳಿ ಒಂದೇ ಜಾಗದಲ್ಲಿ ಬಲೆಗೂಡು ಹೂಡಿ ಮೀನು ತಾನಾಗಿ ಬರಲೆಂದು ಕಾಯುವ ಸಣ್ಣ ಮೀನುಗಾರರು, ಮೀನು ಕಡಿಮೆಯಾಗುತ್ತಿದೆ, ಬಂದದ್ದೂ ಚಿಕ್ಕದಾಗಿದೆ ಎಂದು 1980ರ ದಶಕದ ನಡುವಿನಿಂದಲೇ ಹೇಳುತ್ತಿದ್ದರು. ಅವರ ಬಲೆ ಮೀನನ್ನು ಬೆನ್ನಟ್ಟುತ್ತಿರಲಿಲ್ಲವಾದ್ದರಿಂದ ಸಮುದ್ರದ ನಿಜಸ್ಥಿತಿ ಅವರಿಗೇ ಮೊದಲು ತಿಳಿಯುತ್ತಿತ್ತು. ಆದರೆ ಅವರ ಮಾತನ್ನು ಸಂಖ್ಯೆಯ ರೂಪದಲ್ಲಿ ದಾಖಲಿಸಿಕೊಳ್ಳುವ ಅಂಕಣ ಮೌಲ್ಯಮಾಪನದ ನಮೂನೆಯಲ್ಲಿ ಇರಲಿಲ್ಲ. ಕೊನೆಗೆ ವಿಜ್ಞಾನಿಗಳು ತಮ್ಮ ಅಂದಾಜನ್ನು ಪರಿಷ್ಕರಿಸಿ ಮಿತಿಯನ್ನು ತೀವ್ರವಾಗಿ ಇಳಿಸಲು ಹೇಳಿದಾಗ, ಕೆಲಸ ಕಳೆದುಕೊಳ್ಳುವವರ ಸಂಖ್ಯೆಗೆ ಹೆದರಿದ ಸರ್ಕಾರ ಆ ಸಲಹೆಗಿಂತ ಹೆಚ್ಚಿನ ಮಿತಿಯನ್ನೇ ನಿಗದಿ ಮಾಡಿತು. 1992ರ ಜುಲೈ 2ರಂದು ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು. ಎರಡು ವರ್ಷದ ಮಟ್ಟಿಗೆ ಎಂದು ಘೋಷಿಸಿದ ನಿಷೇಧ ತೆರವಾದದ್ದು 2024ರಲ್ಲಿ.

ನನ್ನ ವಿದ್ಯಾರ್ಥಿಗಳಿಗೆ ಈ ಪ್ರಕರಣವನ್ನು ಕೊಟ್ಟು, ಇಲ್ಲಿ ಸೋತದ್ದು ಯಾವ ಶಾಸ್ತ್ರ ಎಂದು ಕೇಳಿದರೆ ಮೊದಲ ವಾರದಲ್ಲಿ ಪ್ರತಿಯೊಬ್ಬರೂ ತಮ್ಮದಲ್ಲದ ಶಾಸ್ತ್ರದ ಕಡೆಗೆ ಬೆರಳು ತೋರಿಸುತ್ತಾರೆ. ಜೀವಶಾಸ್ತ್ರ ಓದಿದವರು ರಾಜಕಾರಣಿಗಳನ್ನು ದೂರುತ್ತಾರೆ, ಕಾನೂನು ಓದಿದವರು ಅಂಕಿಅಂಶವನ್ನು ದೂರುತ್ತಾರೆ, ಅರ್ಥಶಾಸ್ತ್ರದವರು ಸಬ್ಸಿಡಿಯ ಹೆಸರು ಹೇಳುತ್ತಾರೆ. ಎಲ್ಲರ ಮಾತಿನಲ್ಲೂ ಸತ್ಯವಿದೆ, ಆದರೆ ಆ ಸತ್ಯಗಳನ್ನು 1985ರ ಸುಮಾರಿಗೆ ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಅರ್ಥವಾಗುವ ಭಾಷೆಯಲ್ಲಿ ಹೇಳಬಲ್ಲವರು ಸಾಕಷ್ಟು ಇರಲಿಲ್ಲ ಎಂಬುದೇ ನನ್ನ ಅಭಿಪ್ರಾಯ. ಅಂಥವರನ್ನು ತಯಾರು ಮಾಡುವುದು ವಿಶ್ವವಿದ್ಯಾಲಯದ ಕೆಲಸ.

ಇನ್ನು ಕಾನೂನಿನ ಓದು. ಇಂದು ಶಾಶ್ವತವೆಂಬಂತೆ ಭೂಪಟಗಳಲ್ಲಿ ಕಾಣುವ ಸಮುದ್ರದ ಗಡಿಗಳು ಬಹಳ ಇತ್ತೀಚಿನವು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಕರಾವಳಿಯಾಚೆಯ ಖಂಡಾವರಣ ಪ್ರದೇಶದ, ಅಂದರೆ ದಡದಿಂದ ನೀರಿನಡಿಗೆ ಮುಂದುವರಿಯುವ ಆಳ ಕಡಿಮೆಯ ನೆಲದ, ಸಂಪತ್ತಿನ ಮೇಲೆ ಹಕ್ಕು ಘೋಷಿಸಿದರು. 1952ರಲ್ಲಿ ಚಿಲಿ, ಪೆರು ಮತ್ತು ಈಕ್ವೆಡಾರ್ ಸ್ಯಾಂಟಿಯಾಗೊದಲ್ಲಿ ಸೇರಿ 200 ನಾಟಿಕಲ್ ಮೈಲಿಯ ಹಕ್ಕನ್ನು ಮಂಡಿಸಿದವು. ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ನಾಟಿಕಲ್ ಮೈಲಿಗೆ ವಿಸ್ತರಿಸಿ ಪ್ರತಿ ಬಾರಿಯೂ ಬ್ರಿಟನ್ನಿನೊಡನೆ ಕಡಲಿನಲ್ಲೇ ಸಂಘರ್ಷಕ್ಕೆ ಇಳಿಯಿತು. ಈ ಎಲ್ಲ ಒತ್ತಡಗಳ ನಡುವೆ ರೂಪುಗೊಂಡದ್ದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ. ಅದು ಜಾರಿಗೆ ಬಂದದ್ದು 1994ರಲ್ಲಿ.

ಆ ಒಡಂಬಡಿಕೆಯ 61ನೇ ವಿಧಿಯನ್ನು ನಾವು ತರಗತಿಯಲ್ಲಿ ಸಾಲುಸಾಲಾಗಿ ಓದುತ್ತೇವೆ. ತನ್ನ ಅನನ್ಯ ಆರ್ಥಿಕ ವಲಯದಲ್ಲಿ, ಅಂದರೆ ದಡದಿಂದ 200 ನಾಟಿಕಲ್ ಮೈಲಿವರೆಗಿನ ಕಡಲಿನಲ್ಲಿ, ಎಷ್ಟು ಮೀನು ಹಿಡಿಯಬಹುದೆಂದು ಕರಾವಳಿ ದೇಶವೇ ನಿರ್ಧರಿಸಬೇಕು ಎಂದು ಅದು ಹೇಳುತ್ತದೆ. ಲಭ್ಯವಿರುವ ಅತ್ಯುತ್ತಮ ವೈಜ್ಞಾನಿಕ ಆಧಾರವನ್ನು ಗಮನಿಸಬೇಕು ಎನ್ನುತ್ತದೆ. ಗರಿಷ್ಠ ಸುಸ್ಥಿರ ಇಳುವರಿ (ಸಂತತಿ ಕುಗ್ಗದಂತೆ ವರ್ಷ ವರ್ಷವೂ ಹಿಡಿಯಬಹುದಾದ ಗರಿಷ್ಠ ಪ್ರಮಾಣ) ಕೊಡಬಲ್ಲ ಮಟ್ಟದಲ್ಲಿ ಸಂತತಿಯನ್ನು ಉಳಿಸಬೇಕು ಎನ್ನುತ್ತದೆ. ಹಾಗೆ ಹೇಳಿದ ಕೂಡಲೇ, ಪರಿಸರದ ಮತ್ತು ಆರ್ಥಿಕ ಅಂಶಗಳಿಗೆ, ಕರಾವಳಿಯ ಮೀನುಗಾರ ಸಮುದಾಯಗಳ ಆರ್ಥಿಕ ಅಗತ್ಯಗಳಿಗೂ ಅನುಗುಣವಾಗಿ ಆ ಗುರಿಯನ್ನು ಹೊಂದಿಸಿಕೊಳ್ಳಲು ಅವಕಾಶ ಕೊಡುತ್ತದೆ. ಒಂದೇ ವಿಧಿಯೊಳಗೆ ಸಂಖ್ಯಾಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ನಾಲ್ಕೂ ಇವೆ. ಗರಿಷ್ಠ ಸುಸ್ಥಿರ ಇಳುವರಿಯನ್ನು ಯಾವ ಮಾದರಿಯಿಂದ ಲೆಕ್ಕ ಹಾಕುತ್ತಾರೆ, ಆ ಮಾದರಿ ಯಾವ ಊಹೆಗಳ ಮೇಲೆ ನಿಂತಿದೆ, ಮೀನಿನ ಬೆಳವಣಿಗೆಯ ದರದಲ್ಲಿ ಸಣ್ಣ ತಪ್ಪಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ಅರಿಯದ ವಕೀಲರು ಈ ವಿಧಿಯನ್ನು ವಾದಿಸಲಾರರು. ಹಾಗೆಯೇ, ತಾನು ಕೊಟ್ಟ ಸಂಖ್ಯೆ ಯಾವ ಕಾನೂನಿನ ಯಾವ ಪದದ ಕೆಳಗೆ ಹೋಗಿ ಕೂರುತ್ತದೆ ಎಂದು ತಿಳಿಯದ ವಿಜ್ಞಾನಿಗೆ, ಆ ಸಂಖ್ಯೆಯ ಜೊತೆ ಹೇಳಲೇಬೇಕಾದ ಎಚ್ಚರಿಕೆ ಯಾವುದು ಎಂಬುದೂ ತಿಳಿಯುವುದಿಲ್ಲ.

ಮೀನಿಗೆ ಗಡಿ ಗೊತ್ತಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಅದರ ಪರಿಣಾಮವನ್ನು ಕಾಣಬೇಕಿದ್ದರೆ ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಮೀನಿನ ವಿವಾದವನ್ನು ನೋಡಬೇಕು. 2000ದ ದಶಕದ ಉತ್ತರಾರ್ಧದಲ್ಲಿ ಈ ಮೀನು ಬೇಸಿಗೆಯ ವಲಸೆಯಲ್ಲಿ ಹಿಂದೆಂದಿಗಿಂತ ಹೆಚ್ಚು ವಾಯವ್ಯಕ್ಕೆ ಸರಿದು ಐಸ್‌ಲ್ಯಾಂಡಿನ ವಲಯಕ್ಕೆ ದೊಡ್ಡ ಪ್ರಮಾಣದಲ್ಲಿ ಬರತೊಡಗಿತು. ನಮ್ಮ ನೀರಿಗೆ ಬಂದ ಮೀನಿನಲ್ಲಿ ನಮಗೂ ಪಾಲಿದೆ ಎಂದು ಐಸ್‌ಲ್ಯಾಂಡ್ ಹೇಳಿತು. ಹಳೆಯ ಪಾಲುದಾರರು ಹಳೆಯ ದಾಖಲೆಯನ್ನು ಮುಂದಿಟ್ಟರು. ಪ್ರತಿಯೊಬ್ಬರೂ ತಮ್ಮ ತಮ್ಮ ಕೋಟಾವನ್ನು ತಾವೇ ನಿಗದಿ ಮಾಡಿಕೊಂಡದ್ದರಿಂದ ಅವುಗಳ ಮೊತ್ತ ವಿಜ್ಞಾನಿಗಳ ಸಲಹೆಯನ್ನು ವರ್ಷ ವರ್ಷವೂ ಮೀರುತ್ತ ಹೋಯಿತು.  ಜಗಳವಿದ್ದದ್ದು ಮುಖ್ಯವಾಗಿ ಹಂಚಿಕೆಯಲ್ಲಿ. ನೀರು ಬಿಸಿಯಾಗುತ್ತಿರುವ ಕಾಲದಲ್ಲಿ ಇಂಥ ವಿವಾದಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಯಾರು ಎಷ್ಟು ಮೀನು ಹಿಡಿದಿದ್ದರು ಎಂಬುದೇ ನ್ಯಾಯದ ಅಳತೆಗೋಲೇ, ಅಥವಾ ಮೀನು ಇಂದು ಎಲ್ಲಿ ಮೇಯುತ್ತಿದೆ ಎಂಬುದೇ? ಈ ಪ್ರಶ್ನೆಗೆ ಯಾವ ಪಠ್ಯಪುಸ್ತಕದಲ್ಲೂ ಸಿದ್ಧ ಉತ್ತರವಿಲ್ಲ, ಆದ್ದರಿಂದಲೇ ಅದನ್ನು ವಿಶ್ವವಿದ್ಯಾಲಯದಲ್ಲಿ ಚರ್ಚಿಸಬೇಕು.

ಅರ್ಥಶಾಸ್ತ್ರದ ಭಾಗಕ್ಕೆ ಬಂದರೆ, ಈ ಶಿಸ್ತಿನ ಎರಡು ಮೂಲ ಲೇಖನಗಳು 1954ರಲ್ಲಿ ಬಂದವು. ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ ಅವರು, ಯಾರು ಬೇಕಾದರೂ ಇಳಿಯಬಹುದಾದ ಕಡಲಿನಲ್ಲಿ ಲಾಭ ಇರುವವರೆಗೂ ದೋಣಿಗಳು ಸೇರುತ್ತಲೇ ಹೋಗುತ್ತವೆ ಎಂದು ತೋರಿಸಿದರು. ಮೀನುಗಾರಿಕಾ ಜೀವಶಾಸ್ತ್ರಜ್ಞ ಮಿಲ್ನರ್ ಶೇಫರ್ ಅವರು, ಸಂತತಿಯ ಬೆಳವಣಿಗೆಯಿಂದ ಸಿಗುವ ಹೆಚ್ಚುವರಿಯನ್ನು ಲೆಕ್ಕ ಹಾಕುವ ಮಾದರಿಯನ್ನು ಕೊಟ್ಟರು. ಇವರ ಚಿಂತನೆ ಕಡಲಿನ ಮೇಲೆ ಹೇಗೆ ನಿಜವಾಯಿತು ಎಂಬುದಕ್ಕೆ ಅಲಾಸ್ಕದ ಹ್ಯಾಲಿಬಟ್ ಮೀನುಗಾರಿಕೆ ಸಾಕ್ಷಿ. ಅಲ್ಲಿ ಒಟ್ಟು ಮಿತಿ ಇತ್ತು, ಆದರೆ ಯಾರ ಪಾಲು ಎಷ್ಟು ಎಂಬುದು ಇರಲಿಲ್ಲ. ಮಿತಿ ಮುಗಿಯುವುದರೊಳಗೆ ಹಿಡಿದವನದೇ ಮೀನು ಎಂದಾದಾಗ ದೋಣಿಗಳು ಹೆಚ್ಚಿದವು, ಋತು ಕುಗ್ಗಿತು, ಕೊನೆಕೊನೆಗೆ ಮುಖ್ಯ ಪ್ರದೇಶಗಳಲ್ಲಿ ಇಡೀ ವರ್ಷದ ಮೀನುಗಾರಿಕೆ ಇಪ್ಪತ್ನಾಲ್ಕು ಗಂಟೆಗಳ ಒಂದೆರಡು ಅವಧಿಗಳಿಗೆ ಇಳಿಯಿತು. ಆ ದಿನ ಬಿರುಗಾಳಿ ಬೀಸಿದರೂ ದೋಣಿ ಇಳಿಸಲೇಬೇಕು; ಎಲ್ಲ ಮೀನೂ ಒಮ್ಮೆಲೇ ದಡಕ್ಕೆ ಬರುವುದರಿಂದ ತಾಜಾ ಮಾರಲಾಗದೆ ಹೆಪ್ಪುಗಟ್ಟಿಸಬೇಕು; ಗಡಿಬಿಡಿಯಲ್ಲಿ ಕತ್ತರಿಸಿ ಬಿಟ್ಟ ಗಾಳದ ಹಗ್ಗಗಳು ಕಡಲ ತಳದಲ್ಲಿ ಮೀನು ಕೊಲ್ಲುತ್ತಲೇ ಇರುತ್ತವೆ. 1995ರಲ್ಲಿ ವೈಯಕ್ತಿಕ ಕೋಟಾ ಬಂದ ಮೇಲೆ ಋತು ಸುಮಾರು ಎಂಟು ತಿಂಗಳಿಗೆ ಹಿಗ್ಗಿತು, ಮೀನುಗಾರ ಹವಾಮಾನ ನೋಡಿ ಹೊರಡುವಂತಾಯಿತು.

ಇಷ್ಟನ್ನೇ ಹೇಳಿ ನಿಲ್ಲಿಸುವ ಕೋರ್ಸುಗಳಿವೆ, ಅವುಗಳ ಬಗ್ಗೆ ನನಗೆ ತಕರಾರಿದೆ. ಕೋಟಾ ಒಮ್ಮೆ ಮಾರಾಟದ ವಸ್ತುವಾದರೆ ಅದು ಹಣವಿರುವವರ ಕಡೆಗೆ ಹರಿಯುತ್ತದೆ, ಮೊದಲ ಹಂಚಿಕೆಯಲ್ಲಿ ಇಲ್ಲದ ಯುವಕನಿಗೆ ಕಡಲಿಗೆ ಇಳಿಯುವ ಹಕ್ಕೇ ದುಬಾರಿಯಾಗುತ್ತದೆ. ಐಸ್‌ಲ್ಯಾಂಡಿನ ಕೋಟಾ ಪದ್ಧತಿಯ ವಿರುದ್ಧ ಇಬ್ಬರು ಮೀನುಗಾರರು ಸಲ್ಲಿಸಿದ ದೂರನ್ನು ವಿಚಾರಿಸಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಆ ಹಂಚಿಕೆಯ ರೀತಿ ಸಮಾನತೆಯ ಹಕ್ಕಿಗೆ ಹೊಂದುವುದಿಲ್ಲ ಎಂದು 2007ರಲ್ಲಿ ಅಭಿಪ್ರಾಯಪಟ್ಟಿತು. ನ್ಯೂಜಿಲೆಂಡ್ 1986ರಲ್ಲಿ ಕೋಟಾ ತಂದಾಗ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ, ತಮಗೆ ಸೇರಿದ ಮೀನನ್ನು ಸರ್ಕಾರ ಇನ್ನೊಬ್ಬರಿಗೆ ಹೇಗೆ ಹಂಚುತ್ತದೆ ಎಂದು ನ್ಯಾಯಾಲಯಕ್ಕೆ ಹೋದರು. 1992ರ ಒಪ್ಪಂದದಲ್ಲಿ, ಮುಂದೆ ಕೋಟಾ ಪದ್ಧತಿಗೆ ಸೇರುವ ಜಾತಿಗಳಲ್ಲಿ ಶೇ 20ರ ಪಾಲನ್ನು ಅವರಿಗೆ ನೀಡಲು ಒಪ್ಪಲಾಯಿತು. ದಕ್ಷತೆಯ ಪ್ರಶ್ನೆಯ ಹಿಂದೆ ಒಡೆತನದ ಪ್ರಶ್ನೆ ಇದ್ದೇ ಇರುತ್ತದೆ. ಸಾಮುದಾಯಿಕ ಸಂಪತ್ತನ್ನು ಜನರು ತಾವೇ ನಿಯಮ ಮಾಡಿಕೊಂಡು ದೀರ್ಘಕಾಲ ಕಾಪಾಡಬಲ್ಲರು ಎಂದು ತೋರಿಸಿದ ಎಲಿನರ್ ಆಸ್ಟ್ರೊಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲೂ, ಸರ್ಕಾರ ಅಥವಾ ಮಾರುಕಟ್ಟೆ ಎಂಬ ಎರಡೇ ದಾರಿಗಳನ್ನು ಕಲಿಸುವ ಪಠ್ಯಕ್ರಮ ಎಲ್ಲೇ ಇರಲಿ, ಅದು ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತದೆ.

ಪುಸ್ತಕದ ಹೊರಗಿನ ಕಲಿಕೆಯ ಬಗ್ಗೆಯೂ ಒತ್ತಿ ಹೇಳಬೇಕು. ನೀತಿಯನ್ನು ಓದಲು ಬರುವವರಲ್ಲಿ ಅನೇಕರು ಮೀನನ್ನು ಕೈಯಲ್ಲಿ ಹಿಡಿದವರಲ್ಲ. ಅವರನ್ನು ಬಂದರಿಗೆ ಕರೆದೊಯ್ದು, ಮೀನಿನ ತಲೆಯೊಳಗಿಂದ ಕಿವಿಗಲ್ಲು ತೆಗೆಸಿ, ಸೂಕ್ಷ್ಮದರ್ಶಕದ ಕೆಳಗೆ ಮರದ ಕಾಂಡದಲ್ಲಿರುವಂಥ ಉಂಗುರಗಳನ್ನು ಎಣಿಸಲು ಹೇಳಬೇಕು. ಒಂದೇ ಕಲ್ಲನ್ನು ನೋಡಿ ಒಬ್ಬರು ಆರು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಏಳು ಎನ್ನುತ್ತಾರೆ. ಕೋಟಾದ ಅಂಕಿ ಎಂಬುದು ಇಂಥ ಸಾವಿರಾರು ಎಣಿಕೆಗಳ ಮೇಲೆ ನಿಂತಿದೆ ಎಂದು ಆಗ ಅವರಿಗೆ ಮನದಟ್ಟಾಗುತ್ತದೆ. ಬಲೆಯ ವಿಷಯವೂ ಹಾಗೆಯೇ. ಬಲೆಯ ಕಣ್ಣು ಇಷ್ಟು ಮಿಲಿಮೀಟರ್ ಇರಬೇಕು ಎಂದು ನಿಯಮ ಬರೆಯುವುದು ಸುಲಭ. ಆದರೆ ವಜ್ರಾಕೃತಿಯ ಕಣ್ಣುಗಳಿರುವ ಟ್ರಾಲ್ ಬಲೆಯನ್ನು ನೀರಿನಲ್ಲಿ ಎಳೆದಾಗ, ತುದಿಯ ಚೀಲದಲ್ಲಿ ಮೀನಿನ ಭಾರ ಹೆಚ್ಚಿದಂತೆ ಕಣ್ಣುಗಳು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತವೆ. ತಪ್ಪಿಸಿಕೊಂಡು ಹೋಗಬೇಕಾದ ಮರಿಮೀನು ಒಳಗೇ ಉಳಿಯುತ್ತದೆ. ಅದೇ ಅಳತೆಯ ಚೌಕ ಕಣ್ಣುಗಳ ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಹೊಲಿದರೆ ಅದು ತೆರೆದೇ ಇರುತ್ತದೆ. ದಡದ ಮೇಲೆ ಒಣಗಿದ ಬಲೆಗೆ ಅಳತೆಪಟ್ಟಿ ಹಿಡಿದ ಅಧಿಕಾರಿಗೆ ಎರಡರ ನಡುವೆ ವ್ಯತ್ಯಾಸವೇ ಕಾಣದು. ಬಲೆ ಹೆಣೆಯುವವರಿಗೆ ಇದು ಗೊತ್ತಿದೆ. ಅವರನ್ನು ತರಗತಿಗೆ ಕರೆದು, ಗೌರವಧನ ಕೊಟ್ಟು, ಅಧ್ಯಾಪಕರ ಸಮಾನ ಸ್ಥಾನದಲ್ಲಿ ಕೂರಿಸಿ ಪಾಠ ಕೇಳುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯಗಳು ಏಕೆ ಮಾಡಬಾರದು?

ಹಿಡಿದ ಮೀನನ್ನು ಸಮುದ್ರಕ್ಕೆ ಎಸೆಯಬಾರದು ಎಂಬ ನಿಯಮವೂ ಇಂಥದೇ ಪಾಠ. ನಾರ್ವೆ ಇದನ್ನು 1987ರಲ್ಲಿ ಆರಂಭಿಸಿತು, ಐರೋಪ್ಯ ಒಕ್ಕೂಟ 2015ರಿಂದ 2019ರವರೆಗೆ ಹಂತಹಂತವಾಗಿ ತಂದಿತು. ಉದ್ದೇಶ ನೇರವಾಗಿದೆ. ಆದರೆ ಹಲವು ಜಾತಿಗಳು ಒಂದೇ ಬಲೆಗೆ ಬೀಳುವ ಕಡಲಿನಲ್ಲಿ, ಯಾವುದೋ ಒಂದು ಜಾತಿಯ ಕೋಟಾ ಮುಗಿದೊಡನೆ ಉಳಿದವುಗಳ ಮೀನುಗಾರಿಕೆಯೂ ನಿಲ್ಲಬೇಕಾಗುತ್ತದೆ. ನಡುರಾತ್ರಿ, ದಡದಿಂದ ನೂರು ಮೈಲಿ ದೂರದಲ್ಲಿ, ಯಾರೂ ನೋಡದ ಡೆಕ್ಕಿನ ಮೇಲೆ ಆ ನಿಯಮವನ್ನು ಪಾಲಿಸುವ ಹೊರೆ ಕೂಲಿ ಮಾಡುವ ನಾವಿಕನ ಮೇಲೆ ಬೀಳುತ್ತದೆ. ಆ ನಾವಿಕನ ದುಡಿಮೆಯ ಗಂಟೆಗಳೂ ಸುರಕ್ಷತೆಯೂ ಸಾಗರ ನೀತಿಯ ಭಾಗವೇ. ಮೀನುಗಾರಿಕೆಯ ದುಡಿಮೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 188ನೇ ಒಡಂಬಡಿಕೆ 2007ರಲ್ಲಿ ಅಂಗೀಕಾರವಾಗಿ 2017ರಲ್ಲಷ್ಟೇ ಜಾರಿಗೆ ಬಂತು ಎಂಬುದು, ಮೀನಿನ ಲೆಕ್ಕಕ್ಕಿಂತ ಮನುಷ್ಯರ ಲೆಕ್ಕ ಎಷ್ಟು ನಿಧಾನವಾಗಿ ನಡೆಯುತ್ತದೆ ಎಂಬುದನ್ನು ತೋರಿಸುತ್ತದೆ. ಮಹಿಳೆಯರ ವಿಷಯದಲ್ಲಂತೂ ಇದು ಇನ್ನೂ ನಿಜ. ಹಿಡಿಯುವ ಮತ್ತು ಸಾಕುವ ಕೆಲಸದಲ್ಲಿ ಅವರ ಪಾಲು ಸುಮಾರು ಶೇ 24, ಸಂಸ್ಕರಣೆಯಲ್ಲಿ ಶೇ 62. ಆದರೂ ನೀತಿಯ ದಾಖಲೆಗಳಲ್ಲಿ ಮೀನುಗಾರ ಎಂದರೆ ದೋಣಿಯಲ್ಲಿ ನಿಂತ ಗಂಡಸಷ್ಟೇ.

ಈ ಓದು ನಿರಾಶೆಯನ್ನೇ ಕಲಿಸುತ್ತದೆ ಎಂದು ಯಾರೂ ಭಾವಿಸಬಾರದು. ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನ ನೀಲಿ ರೆಕ್ಕೆಯ ಟ್ಯೂನಾ ಮೀನಿನ ಕತೆ ಮುಗಿಯಿತೆಂದೇ 2010ರ ಹೊತ್ತಿಗೆ ಹಲವರು ಅಂದುಕೊಂಡಿದ್ದರು. ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸುವ ಪ್ರಸ್ತಾವ ಆ ವರ್ಷ ದೋಹಾದಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ ಬಿದ್ದುಹೋಯಿತು. ಆದರೆ ಆ ಒತ್ತಡದಿಂದಾಗಿ, ಅಟ್ಲಾಂಟಿಕ್ ಟ್ಯೂನಾಗಳ ಅಂತರರಾಷ್ಟ್ರೀಯ ಆಯೋಗ ಮಿತಿಯನ್ನು ವಿಜ್ಞಾನಿಗಳ ಸಲಹೆಯ ಮಟ್ಟಕ್ಕೆ ಇಳಿಸಿತು, ಚಿಕ್ಕ ಮೀನು ಹಿಡಿಯುವುದನ್ನು ಬಿಗಿಗೊಳಿಸಿತು, ಹಿಡಿದ ಮೀನಿನ ದಾಖಲೆಯನ್ನು ದೋಣಿಯಿಂದ ಮಾರುಕಟ್ಟೆಯವರೆಗೆ ಬೆನ್ನಟ್ಟಿತು. 2021ರಲ್ಲಿ ಈ ಜಾತಿ ಅಪಾಯದಂಚಿನ ಪಟ್ಟಿಯಿಂದ ಹೊರಬಂತು. ಇದರ ಹಿಂದೆ ಮೀನಿನ ಜೀವಶಾಸ್ತ್ರವನ್ನೂ ಸಭೆಯ ನಿಯಮಾವಳಿಯನ್ನೂ ವ್ಯಾಪಾರದ ಕಾಗದಪತ್ರವನ್ನೂ ಏಕಕಾಲಕ್ಕೆ ಬಲ್ಲವರ ವರ್ಷಗಟ್ಟಲೆ ಪರಿಶ್ರಮವಿದೆ.

ಅಂಥವರ ಅಗತ್ಯ ಈಗ ಹಿಂದೆಂದಿಗಿಂತ ಹೆಚ್ಚಿದೆ. ಅಕ್ರಮವಾಗಿ ಹಿಡಿದ ಮೀನು ಬಂದರಿನಲ್ಲಿ ಇಳಿಯದಂತೆ ತಡೆಯುವ ಒಪ್ಪಂದ 2016ರಲ್ಲಿ ಜಾರಿಗೆ ಬಂದಿದೆ. ಹಾನಿಕರ ಮೀನುಗಾರಿಕಾ ಸಬ್ಸಿಡಿಗಳನ್ನು ನಿರ್ಬಂಧಿಸುವ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದ 2022ರಲ್ಲಿ ಅಂಗೀಕಾರವಾಗಿ 2025ರ ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು. ಯಾವ ದೇಶಕ್ಕೂ ಸೇರದ ಮುಕ್ತ ಸಮುದ್ರದ ಜೀವವೈವಿಧ್ಯ ಕುರಿತ 2023ರ ಒಪ್ಪಂದ 2026ರ ಜನವರಿಯಲ್ಲಿ ಜಾರಿಗೆ ಬಂದಿದೆ. ಪ್ರತಿಯೊಂದು ಒಪ್ಪಂದವೂ ಸಹಿ ಹಾಕಿದ ದೇಶಗಳಿಂದ ವರದಿ, ಅಂಕಿಅಂಶ, ತಪಾಸಣೆ ಮತ್ತು ಸಮಿತಿಗಳಿಗೆ ಪ್ರತಿನಿಧಿಗಳನ್ನು ಕೇಳುತ್ತದೆ. ಶ್ರೀಮಂತ ದೇಶವೊಂದು ಇಂಥ ಸಭೆಗೆ ವಕೀಲರು, ವಿಜ್ಞಾನಿಗಳು, ಉದ್ಯಮದ ಪ್ರತಿನಿಧಿಗಳೆಂದು ದೊಡ್ಡ ತಂಡವನ್ನೇ ಕಳುಹಿಸಬಲ್ಲದು. ಸಣ್ಣ ದೇಶದಿಂದ ಬರುವ ಒಬ್ಬರೋ ಇಬ್ಬರೋ ಎಲ್ಲವನ್ನೂ ತಾವೇ ಅರಿತಿರಬೇಕು. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆರಂಭವಾಗಿ ಈಗ ಯುನೆಸ್ಕೊ ಆಶ್ರಯದಲ್ಲಿ ನಡೆಯುತ್ತಿರುವ ಮೀನುಗಾರಿಕಾ ತರಬೇತಿ ಕಾರ್ಯಕ್ರಮವೂ, ಸ್ವೀಡನ್ನಿನ ಮಾಲ್ಮೊದಲ್ಲಿ 1983ರಿಂದ ಇರುವ ವಿಶ್ವ ಕಡಲ ವಿಶ್ವವಿದ್ಯಾಲಯವೂ ಅಭಿವೃದ್ಧಿಶೀಲ ದೇಶಗಳ ಅಧಿಕಾರಿಗಳಿಗೆ ಕಲಿಸುತ್ತ ಬಂದಿವೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಸಿಗುವ ತರಬೇತಿಗೂ, ಇಪ್ಪತ್ತರ ಹರೆಯದಲ್ಲಿ ಪ್ರಶ್ನೆ ಕೇಳುವ ಸ್ವಾತಂತ್ರ್ಯದೊಡನೆ ಓದುವುದಕ್ಕೂ ಅಂತರವಿದೆ.

ಈ ಓದನ್ನು ಆರಿಸಿಕೊಳ್ಳಲು ಬಯಸುವ ಯುವಜನರಿಗೆ ನನ್ನದೊಂದು ಸಲಹೆ. ಕೋರ್ಸಿನ ಹೆಸರನ್ನು ನೋಡಿ ಸೇರಬೇಡಿ. ಅಲ್ಲಿ ಮೀನು ಸಂತತಿಯ ಮೌಲ್ಯಮಾಪನವನ್ನು ವಿದ್ಯಾರ್ಥಿಗಳೇ ದತ್ತಾಂಶ ಇಟ್ಟುಕೊಂಡು ಮಾಡುತ್ತಾರೆಯೇ, ಒಡಂಬಡಿಕೆಯ ಮೂಲ ಪಠ್ಯವನ್ನು ಓದಿಸುತ್ತಾರೆಯೇ, ಬಂದರಿನಲ್ಲಿ ಎಷ್ಟು ವಾರ ಕಳೆಯಬೇಕು ಎಂದು ಕೇಳಿ. ವಿಭಾಗದ ಸಂಶೋಧನೆಗೆ ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಿ. ಉದ್ಯಮದ ಹಣವಾಗಲಿ, ಸಂರಕ್ಷಣಾ ಸಂಸ್ಥೆಗಳ ಹಣವಾಗಲಿ ಪಡೆಯುವುದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಗಣಿತಕ್ಕೆ ಹೆದರಿ ನೀತಿಯ ಓದಿಗೆ ಬರುವವರು ಇಲ್ಲಿ ಬಹಳ ದೂರ ಹೋಗಲಾರರು, ಜನರೊಡನೆ ಮಾತಾಡಲು ಬೇಸರಪಡುವವರೂ ಅಷ್ಟೇ.

ವಿಶ್ವವಿದ್ಯಾಲಯಗಳ ಆಡಳಿತ ನಡೆಸುವವರಲ್ಲಿ ನನ್ನ ವಿನಂತಿ ಇನ್ನೂ ಸರಳವಾದದ್ದು. ಇದಕ್ಕೆಂದು ಹೊಸ ಕಟ್ಟಡ ಬೇಕಿಲ್ಲ. ಈಗಾಗಲೇ ಇರುವ ವಿಭಾಗಗಳಿಂದ ಒಬ್ಬೊಬ್ಬ ಅಧ್ಯಾಪಕರು ಸೇರಿ ಒಂದೇ ಪ್ರಕರಣವನ್ನು ಒಂದು ಸೆಮಿಸ್ಟರ್ ಪೂರ್ತಿ ಜೊತೆಯಾಗಿ ಕಲಿಸಲು ಅನುಮತಿ ಕೊಡಿ, ಆ ಬೋಧನೆಯನ್ನು ಅವರ ಕೆಲಸದ ಗಂಟೆಗಳಲ್ಲಿ ಪೂರ್ಣವಾಗಿ ಲೆಕ್ಕಕ್ಕೆ ಹಿಡಿಯಿರಿ. ಜಂಟಿ ಬೋಧನೆ ಎಂದೊಡನೆ ಅರ್ಧ ಗಂಟೆಗಳನ್ನಷ್ಟೇ ಲೆಕ್ಕ ಹಾಕುವ ಪದ್ಧತಿ ಇರುವವರೆಗೂ ಯಾವ ಅಧ್ಯಾಪಕರೂ ಮುಂದೆ ಬರುವುದಿಲ್ಲ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಅಂತರರಾಷ್ಟ್ರೀಯ ಮೀನುಗಾರಿಕಾ ಸಭೆಗಳ ಸುದ್ದಿ ಪ್ರಕಟಿಸುವಾಗ ಸಭೆ ಒಪ್ಪಿದ ಮಿತಿ ಎಷ್ಟು ಎಂಬುದರ ಜೊತೆಗೆ, ವಿಜ್ಞಾನಿಗಳು ಸೂಚಿಸಿದ್ದ ಮಿತಿ ಎಷ್ಟಿತ್ತು ಎಂಬುದನ್ನೂ ಅದೇ ಸುದ್ದಿಯಲ್ಲಿ ಮುದ್ರಿಸಬೇಕು. ಬಹುತೇಕ ಆಯೋಗಗಳು ಎರಡೂ ಅಂಕಿಗಳನ್ನು ಬಹಿರಂಗವಾಗಿಯೇ ಪ್ರಕಟಿಸುತ್ತವೆ. ಅವುಗಳ ನಡುವೆ ಅಂತರವಿದ್ದರೆ ಅದಕ್ಕೆ ಕಾರಣವೇನೆಂದು ಸಂಬಂಧಪಟ್ಟವರನ್ನು ತಮ್ಮ ವರದಿಗಾರರು ಕೇಳಲಿ.

ಇಂತಿ,
ಸಾಗರ ನೀತಿ ಬೋಧಿಸುವ ಓರ್ವ ಅಧ್ಯಾಪಕ